ಕಡಲು ಸೇರುವ ನೀರು ವ್ಯರ್ಥವಲ್ಲ

ಕೋಲಾರ ಜಿಲ್ಲೆಯ ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನೀರಿನ ವಿಚಾರಕ್ಕೆ ಎಲ್ಲಿ ಸಭೆ ಸೇರಿದರೂ ಒಂದು ಮಾತು ಬಂದೇ ಬರುತ್ತದೆ. ಪಶ್ಚಿಮಘಟ್ಟದ ನೀರೆಲ್ಲ ಸುಮ್ಮನೆ ಸಮುದ್ರಕ್ಕೆ ಸೇರಿ ವ್ಯರ್ಥವಾಗುತ್ತಿದೆ, ಅದನ್ನು ಇತ್ತ ತಿರುಗಿಸಿ ಎಂಬ ಮಾತು. ಗೌನಿಪಲ್ಲಿಯಲ್ಲಿ ಅದನ್ನು ಕನ್ನಡದಲ್ಲೂ ಆಡುತ್ತೇವೆ, ತೆಲುಗಿನಲ್ಲೂ ಆಡುತ್ತೇವೆ. ವೇದಿಕೆಯ ಮೇಲಿರುವವರು ಹೇಳುತ್ತಾರೆ, ಟ್ಯಾಂಕರ್‌ಗಾಗಿ ಬಿಂದಿಗೆ ಸಾಲಿಟ್ಟು ಕಾಯುವ ಹೆಂಗಸರೂ ಹೇಳುತ್ತಾರೆ. ಆ ಸಾಲಿನಲ್ಲಿ ನಾನೂ ನಿಂತವಳೇ. ನೀರು ನಮಗೆ ಬೇಕು, ಆ ಬೇಡಿಕೆ ಸತ್ಯ. ಆದರೆ ‘ವ್ಯರ್ಥ’ ಎನ್ನುವುದು ಸುಳ್ಳು, ಅದನ್ನು ಇನ್ನಾದರೂ ಬಿಡಬೇಕು.

ಕಳೆದ ದೀಪಾವಳಿ ಆದ ಮೇಲೆ ನಾನೂ ನಮ್ಮ ಯಜಮಾನರೂ ಕಾರು ತೆಗೆದುಕೊಂಡು ಕರಾವಳಿಗೆ ಹೋಗಿದ್ದೆವು. ಮಾವಿನ ತೋಟದಲ್ಲಿ ಆಗ ಕೈ ಸ್ವಲ್ಪ ಬಿಡುವಾಗಿರುತ್ತದೆ. ಮುಳಬಾಗಿಲು, ಕೋಲಾರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಆ ಕಡೆಯ ತುದಿ ಬಂಟ್ವಾಳ. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ ಕಾಣುವ ನಮ್ಮ ನೆಲದಿಂದ, ಅದರ ನಾಲ್ಕೈದು ಪಟ್ಟು ಸುರಿಯುವ ನೆಲಕ್ಕೆ ಅದೊಂದೇ ರಸ್ತೆ. ಸಕಲೇಶಪುರ ದಾಟುವಾಗ ಯಜಮಾನರು ಕಾರು ನಿಧಾನ ಮಾಡಿ, “ನೋಡು, ನಮ್ಮ ನೀರು ಇಲ್ಲೇ ಇರೋದು” ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು. 2016ರಲ್ಲಿ ಶಾಶ್ವತ ನೀರಾವರಿಗಾಗಿ ರೈತರು ಬೆಂಗಳೂರಿಗೆ ಟ್ರ್ಯಾಕ್ಟರ್ ಹೊಡೆದುಕೊಂಡು ಹೋದಾಗ ಅವರೂ ಹೋಗಿದ್ದರು.

ನೇತ್ರಾವತಿಗೆ ಸೇರುವ ಹಳ್ಳಗಳ ನೀರನ್ನು ನಮ್ಮ ಕಡೆ ತಿರುಗಿಸುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಯಿತು. ಖರ್ಚಿನ ಅಂದಾಜು ಏರುತ್ತಾ ಏರುತ್ತಾ 23 ಸಾವಿರ ಕೋಟಿ ರೂಪಾಯಿ ದಾಟಿದೆ. ಸರ್ಕಾರ ಹೇಳುವುದು 24.01 ಟಿಎಂಸಿ. ಆ ಹಳ್ಳಗಳಲ್ಲಿ ಸಿಗುವುದೇ 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಕೊಟ್ಟಿದೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಬಳಿ ಮೊದಲ ಹಂತದ ಪಂಪು ಚಾಲೂ ಆದಾಗ ನಮ್ಮೂರಲ್ಲೂ ಸಂತೋಷಪಟ್ಟವರಿದ್ದರು. ಇದೆಲ್ಲ ನನಗೆ ಪತ್ರಿಕೆ ಓದಿ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಕೆಳಗಿನ ಊರುಗಳ ಬದುಕು.

ಮಂಗಳೂರಿನಿಂದ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಹೋದೆವು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ಅಲ್ಲಿ ಎಲ್ಲರೂ ಇಳಿದು ಫೋಟೊ ತೆಗೆಯುತ್ತಾರೆ, ನಾವೂ ತೆಗೆದೆವು. ಹೊನ್ನಾವರದಲ್ಲಿ ಶರಾವತಿ ದಾಟಿ ಕುಮಟಾ ಮುಟ್ಟಿ, ಅಲ್ಲಿಂದ ಸಣ್ಣ ರಸ್ತೆಯಲ್ಲಿ ಅಘನಾಶಿನಿ ಎಂಬ ಹಳ್ಳಿಗೆ ಹೋದೆವು. ನದಿಯ ಹೆಸರೇ ಊರಿಗೂ. ಎದುರು ದಡ ತದಡಿ.

ಶಿರಸಿ ಕಡೆ ಹುಟ್ಟಿ ಇಲ್ಲಿ ಕಡಲು ಸೇರುವ ಅಘನಾಶಿನಿಗೆ ಅಡ್ಡಲಾಗಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ನಮ್ಮ ಭಾಷಣಗಳ ಲೆಕ್ಕದಲ್ಲಿ ಇಡೀ ನದಿಯೇ ವ್ಯರ್ಥ. ನಾವು ಹೋದಾಗ ಇಳಿತದ ಹೊತ್ತು. ಮೊಣಕಾಲುದ್ದದ ನೀರಿನಲ್ಲಿ ಹೆಂಗಸರು ಬಗ್ಗಿ ನಿಂತು ಕೆಸರಿನಿಂದ ಬೆಳಚು ಎಂಬ ಚಿಪ್ಪಿ ಹೆಕ್ಕುತ್ತಿದ್ದರು. ದಡಕ್ಕೆ ಬಂದ ಒಬ್ಬಾಕೆಯನ್ನು ಮಾತಾಡಿಸಿದೆ. “ಅಕ್ಕಾ, ಉಪ್ಪು ಜಾಸ್ತಿ ಆದ್ರೂ ಇದು ಉಳಿಯೋದಿಲ್ಲ, ಸೀನೀರು ಜಾಸ್ತಿ ಆದ್ರೂ ಉಳಿಯೋದಿಲ್ಲ” ಎಂದಳು. ಅವಳ ಮಾತಿಗೆ ಸಾಕ್ಷಿ ಪಕ್ಕದ ಶರಾವತಿಯೇ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ವಿದ್ಯುತ್ ತೆಗೆದ ನೀರು ವರ್ಷಪೂರ್ತಿ ಬಂದು ಅಳಿವೆಯ ಉಪ್ಪು ತಗ್ಗಿ, ಅಲ್ಲಿ ಚಿಪ್ಪಿಗಳು ಕ್ಷೀಣಿಸಿವೆ ಎಂದು ಅಧ್ಯಯನಗಳು ಹೇಳುತ್ತವೆ. ಯಾವ ತಿಂಗಳು ಎಷ್ಟು ಸಿಹಿನೀರು ಬರಬೇಕು ಎಂಬುದರ ಮೇಲೆ ನಿಂತಿರುವ ಜೀವನ ಅದು.

ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆಯುವ ತಳಿ. ಆದರೆ ಅದಕ್ಕೂ ಮುಂಗಾರಿನ ನೀರು ಮೊದಲು ಗದ್ದೆಯ ಉಪ್ಪು ತೊಳೆದುಕೊಡಬೇಕು, ಆಮೇಲೆ ಬೀಜ ಮೊಳೆಯುತ್ತದೆ. ಮಾಣಿಕಟ್ಟದ ಕಡೆ ನಾವು ನೋಡಿದಾಗ ಕೊಯ್ಲು ಮುಗಿದು ಕೂಳೆ ನಿಂತಿತ್ತು. ಅದೇ ಅಳಿವೆಯ ಇನ್ನೊಂದು ಮೂಲೆಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ. ಮೀನು ಮರಿ ಮಾಡುವ ಕಾಂಡ್ಲಾ ಗಿಡಗಳೂ ಅಲ್ಲಿವೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅನ್ನ, ಮೀನು, ಉಪ್ಪು ಮೂರನ್ನೂ ಕೊಡುವ ನೀರಿನ ದಡದಲ್ಲಿ ನಿಂತು ಅದನ್ನು ವ್ಯರ್ಥ ಎನ್ನಲು ನನಗೆ ಬಾಯಿ ಬರಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಇದೇ ಜಗಳ. “ಅಷ್ಟು ಹೊಳೆಗಳಲ್ಲಿ ಒಂದೆರಡು ಪಾಲು ಕೊಟ್ಟರೆ ಅವರಿಗೇನು ಕಮ್ಮಿ? ಅಘನಾಶಿನಿ ಬೇರೆ, ನೇತ್ರಾವತಿ ಬೇರೆ” ಎನ್ನುವುದು ಅವರ ವಾದ. ಬೇರೆಯೇ ನಿಜ. ಆದರೆ ಮಳೆಗಾಲದಲ್ಲಿ ಉಕ್ಕುವ ನೇತ್ರಾವತಿ ಬೇಸಿಗೆಯಲ್ಲಿ ಸೊರಗುತ್ತದೆ. ಮಂಗಳೂರು ಕುಡಿಯುವುದು ಅದೇ ನದಿಯ ತುಂಬೆ ಕಿಂಡಿ ಅಣೆಕಟ್ಟಿನ ನೀರು. 2019ರ ಬೇಸಿಗೆಯಲ್ಲಿ ಅಲ್ಲಿ ನೀರಿಳಿದು ನಗರಕ್ಕೆ ಸರದಿ ಪ್ರಕಾರ ಬಿಟ್ಟರು. ನಮ್ಮ ಕೆಳಗೂ ಜನ ಇದ್ದಾರೆ. ಪಾಲಾರ್ ನಮ್ಮಲ್ಲಿ ಹುಟ್ಟಿ ಆಂಧ್ರ, ತಮಿಳುನಾಡಿಗೆ ಹೋಗುತ್ತದೆ. ಅದಕ್ಕೆಂದು 1892ರ ಮದ್ರಾಸ್–ಮೈಸೂರು ಒಪ್ಪಂದವೇ ಇದೆ. ಕೆಳಗಿನವರ ಹಕ್ಕು ಏನೆಂದು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಕರಾವಳಿಯವರು ನಮ್ಮನ್ನು ನೀರು ಕದಿಯುವವರು ಎನ್ನುವುದೂ ತಪ್ಪು. ಸಾವಿರ ಅಡಿ ಕೊಳವೆಬಾವಿ ಕೊರೆದು ಧೂಳು ಕಂಡ ಮನೆಯ ಸಂಕಟ ಅವರು ಬಂದು ನೋಡಬೇಕು, ಫ್ಲೋರೈಡ್ ನೀರು ಕುಡಿದವರ ಹಲ್ಲು ನೋಡಬೇಕು. ಎತ್ತಿನಹೊಳೆಯ ನೀರು ಬಂದರೆ ಬೇಡ ಎನ್ನುವಷ್ಟು ನಾವು ಗಟ್ಟಿಗರಲ್ಲ. ಕುಡಿಯಲು ಇಲ್ಲ ಎಂದು ಕೇಳೋಣ, ಎಷ್ಟು ಸಿಗುತ್ತದೆ ಎಂಬ ನಿಜವಾದ ಲೆಕ್ಕವನ್ನೂ ಕೇಳೋಣ. ನಿಮಗೆ ಅದು ಬೇಕಿಲ್ಲವಲ್ಲ ಎಂದು ಮಾತ್ರ ಕೇಳಬಾರದು.

ಇನ್ನು ನಮ್ಮ ಮೇಲೆಯೇ ಬೀಳುವ ಮಳೆ. 700 ಮಿ.ಮೀ. ಎಂದರೆ ಒಂದು ಎಕರೆಗೆ ವರ್ಷಕ್ಕೆ ಸುಮಾರು 28 ಲಕ್ಷ ಲೀಟರ್. ಅದನ್ನು ಹಿಡಿಯಲು ಹಿರಿಯರು ಈ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆರೆ ಕಟ್ಟಿದರು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆಲವು ಕೆರೆಗಳಿಗೆ ಬರುತ್ತಿದೆ. ಅದನ್ನು ಮೂರನೇ ಹಂತದವರೆಗೆ ಶುದ್ಧ ಮಾಡಿ ಕೊಡಿ ಎಂದು ಕೇಳುತ್ತಲೇ ಇದ್ದೇವೆ. ಉಳಿದ ಕೆರೆಗಳಿಗೆ ಮಳೆನೀರು ಬರುವ ರಾಜಕಾಲುವೆ ಎಷ್ಟೋ ಕಡೆ ಒತ್ತುವರಿಯಾಗಿದೆ. ಅಂತರ್ಜಲ ಹೀರುವ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು 2017ರಲ್ಲೇ ಸರ್ಕಾರ ಆದೇಶ ಮಾಡಿದರೂ ಹಳೆಯ ತೋಪುಗಳು ಹಾಗೇ ನಿಂತಿವೆ.

ಮುಂದಿನ ಗ್ರಾಮಸಭೆಗೆ ನಾನು ಅರ್ಜಿ ಬರೆದಿಟ್ಟಿದ್ದೇನೆ. ಮಳೆಗಾಲಕ್ಕೆ ಮುಂಚೆ ಸರ್ವೆಯವರನ್ನು ಕರೆಸಿ ನಮ್ಮ ಪಂಚಾಯಿತಿಯ ಎಲ್ಲ ರಾಜಕಾಲುವೆಗಳನ್ನು ಅಳೆದು ಕಲ್ಲು ನೆಡಬೇಕು, ಉದ್ಯೋಗ ಖಾತ್ರಿ ಕೆಲಸದಲ್ಲಿ ಮೊದಲು ಅವುಗಳ ಹೂಳು ತೆಗೆಯಬೇಕು, ಯಾರ ತೋಟದಲ್ಲಿ ಕಾಲುವೆ ಮುಚ್ಚಿಹೋಗಿದೆಯೋ ಅವರ ಹೆಸರು ಸಭೆಯಲ್ಲಿ ಓದಬೇಕು. ನಮ್ಮ ತೋಟವನ್ನೂ ಅಳೆಯಲಿ.