ಅರಿವಿಗೆ ಅಂಜದ ಭಕ್ತಿ

ಧರ್ಮವನ್ನು ಬೋಧಿಸುವುದು ಬೇರೆ, ಧರ್ಮವನ್ನು ಕುರಿತು ಅಧ್ಯಯನ ಮಾಡುವುದು ಬೇರೆ. ಮೊದಲನೆಯದು ಗುರುಮಠದ ಕಾಯಕ. ಎರಡನೆಯದು ವಿಶ್ವವಿದ್ಯಾಲಯದ ಕಾಯಕ. ಈ ಭೇದವನ್ನರಿಯದ ಅನೇಕ ಭಕ್ತರು, ಮಗನೋ ಮಗಳೋ ಧರ್ಮಾಧ್ಯಯನವನ್ನು ಆಯ್ದುಕೊಂಡರೆ ನಂಬಿಕೆ ಕೆಟ್ಟೀತೆಂದು ಅಂಜುತ್ತಾರೆ. ಇನ್ನು ಕೆಲವರು ಅದರಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುತ್ತಾರೆ.

1963ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಶಾಲೆಗಳಲ್ಲಿ ಬೈಬಲ್ ಪಠಣವನ್ನು ಪ್ರಾರ್ಥನೆಯಾಗಿ ನಡೆಸಕೂಡದೆಂದು ತೀರ್ಪಿತ್ತಿತು. ಧರ್ಮಗಳನ್ನು ವಸ್ತುನಿಷ್ಠವಾಗಿ ಅಭ್ಯಸಿಸಲು ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ನಿನಿಯನ್ ಸ್ಮಾರ್ಟ್ ಅವರು ಒಂದೇ ಧರ್ಮಕ್ಕೆ ಸೀಮಿತವಾಗದ ಅಧ್ಯಯನ ವಿಭಾಗವನ್ನು ಕಟ್ಟಿದರು. ಭಾರತದ ಸಂವಿಧಾನದ 28ನೆಯ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧರ್ಮಬೋಧೆಯನ್ನು ನಿಷೇಧಿಸುತ್ತದೆ. ಧರ್ಮಗಳ ಅಧ್ಯಯನಕ್ಕೆ ಆ ನಿಷೇಧ ತಗಲದೆಂದು 2002ರಲ್ಲಿ ಸುಪ್ರೀಂ ಕೋರ್ಟ್ ತಿಳಿಸಿತು.

ಇದರ ಪ್ರಯೋಜನವು ಗ್ರಂಥಾಲಯಕ್ಕೆ ಸೀಮಿತವಲ್ಲ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಜೈನರ ಸಲ್ಲೇಖನ ವ್ರತವನ್ನು ಆತ್ಮಹತ್ಯೆಯೆಂದು ಪರಿಗಣಿಸಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಪ್ರಾಣವನ್ನು ತೊರೆಯುವುದಕ್ಕೂ ದೇಹದ ಮೋಹವನ್ನು ತೊರೆಯುವುದಕ್ಕೂ ಜೈನರು ಕಾಣುವ ಅಂತರವನ್ನು ಅರಿಯದೆ ಇಂಥ ಪ್ರಶ್ನೆಯನ್ನು ನ್ಯಾಯವಾಗಿ ವಿಚಾರಿಸುವುದು ಹೇಗೆ? ಪರಧರ್ಮದ ರೋಗಿ, ಕಕ್ಷಿದಾರ, ನೆರೆಯವರು ಎದುರಾದಾಗ ವೈದ್ಯನಿಗೂ ವಕೀಲನಿಗೂ ಅಧಿಕಾರಿಗೂ ಈ ಅರಿವು ಬೇಕು.

ನಂಬಿಕೆ ಕೆಟ್ಟೀತೆಂಬ ಭಯವೋ? ಇಂದು ಭಕ್ತರು ನಿತ್ಯ ಪಠಿಸುವ ವಚನಗಳು ಮುದ್ರಣಕ್ಕೆ ಬಂದುದು ಫ.ಗು. ಹಳಕಟ್ಟಿಯವರಂಥವರು ತಾಳೆಗರಿಗಳನ್ನು ಅರಸಿ ಸಂಗ್ರಹಿಸಿದುದರಿಂದ. ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದವು 1973ರಲ್ಲಿ ಪ್ರಕಟವಾಗಿ, ಕನ್ನಡವರಿಯದ ಓದುಗರಿಗೂ ಶರಣರ ನುಡಿಯನ್ನು ಮುಟ್ಟಿಸಿತು. ಪ್ರಶ್ನೆಯನ್ನು ಸಹಿಸದ ಭಕ್ತಿಯು ಈ ಫಲವನ್ನುಣ್ಣುತ್ತ ಮರವನ್ನು ಹಳಿದಂತಾಗುತ್ತದೆ.

ಆದರೂ ವಿದ್ವತ್ತಿಗೆ ಒಂದು ಎಲ್ಲೆಯುಂಟು. ಇಷ್ಟಲಿಂಗದ ಇತಿಹಾಸವನ್ನು ಬರೆಯಬಲ್ಲವನು ಲಿಂಗಾನುಸಂಧಾನದ ಸುಖವನ್ನು ಅರಿತಿರಬೇಕೆಂದಿಲ್ಲ. ಶಾಸ್ತ್ರವು ದಾರಿಯನ್ನು ವಿವರಿಸುತ್ತದೆ, ನಡೆಯುವವನು ಸಾಧಕನೇ. ಅಧ್ಯಯನವು ಅನುಭಾವದ ಪೀಠವನ್ನೇರಬಾರದು, ಅನುಭಾವವು ಅಧ್ಯಯನದ ಬಾಗಿಲನ್ನು ಮುಚ್ಚಬಾರದು. ಧರ್ಮಾಧ್ಯಯನಕ್ಕೆ ಹೊರಟ ಮಕ್ಕಳನ್ನು ತಡೆಯದೆ ಹರಸಿ ಕಳುಹಿಸುವುದೇ ಭಕ್ತರಿಗೆ ಉಚಿತವಾದುದು.