ಮಣ್ಣಿಲ್ಲದ ಕೈತೋಟ

ಮಣ್ಣಿಲ್ಲದೆ ಪೈರಿಲ್ಲವೆಂಬುದು ಬಹುಕಾಲದ ನಂಬುಗೆ. ಲವಣಗಳನ್ನು ಕರಗಿಸಿದ ನೀರಿನಲ್ಲಿಯೇ ಬೆಳೆ ತೆಗೆಯಬಹುದೆಂದು ಕ್ಯಾಲಿಫೋರ್ನಿಯಾದ ವಿಜ್ಞಾನಿ ಗೆರಿಕೆ 1929ರಲ್ಲಿ ಪ್ರತಿಪಾದಿಸಿದರು. 1946ರಲ್ಲಿ ಕಾಲಿಂಪಾಂಗ್‌ನಲ್ಲಿ ಶೋಲ್ಟೊ ಡಗ್ಲಸ್ ಆ ವಿದ್ಯೆಯನ್ನು ಸಾಮಾನ್ಯರಿಗೂ ನಿಲುಕುವಂತೆ ಸರಳಗೊಳಿಸತೊಡಗಿದರು. ಇಂದು ಅದು ನೆಟ್ಟಗೆ ನಿಲ್ಲಿಸಿದ ಕೊಳವೆಗಳ ರೂಪದಲ್ಲಿ ನಗರದ ಮಹಡಿಗಳನ್ನೇರಿದೆ. ಹಿತ್ತಿಲಿಲ್ಲದ ಮನೆಗೆ, ಅಂಗೈಯಗಲದ ತಾವಿನಲ್ಲಿ ಪಾಲಕ, ಪುದೀನಗಳನ್ನೀಯುವ ಈ ಸಾಧನ ವರವೇ ಸರಿ.

ಆದರೆ ವಿದ್ಯುತ್ತು ನಿಂತು ಪಂಪು ಸ್ತಬ್ಧವಾದರೆ, ಬಿರುಬಿಸಿಲಿನಲ್ಲಿ ಕೆಲವೇ ತಾಸುಗಳೊಳಗೆ ಬೇರುಗಳು ಒಣಗುತ್ತವೆ. ನೆಲವಾದರೋ ನೀರನ್ನು ಹಿಡಿದಿಟ್ಟು ಬೆಳೆಗಾರನ ಮರೆವನ್ನು ಮನ್ನಿಸುತ್ತದೆ. ಅಡುಗೆಮನೆಯ ಸಿಪ್ಪೆಯನ್ನೂ ಗೊಬ್ಬರವಾಗಿಸಿಕೊಳ್ಳುತ್ತದೆ. ಆದುದರಿಂದ ಹಿತ್ತಿಲುಳ್ಳವರು ನೆಲಕ್ಕೆ ಸಿಮೆಂಟು ಬಳಿದು ಕೊಳವೆ ನಿಲ್ಲಿಸುವುದು ವಿವೇಕವಲ್ಲ. ಶಾಲೆಯ ಅಂಗಳದಲ್ಲಿ ಕೊಳವೆಯನ್ನೂ ಪಾತಿಯನ್ನೂ ಪಕ್ಕಪಕ್ಕದಲ್ಲಿಟ್ಟು ಬೆಳೆಸಿದರೆ, ಮಕ್ಕಳು ಎರಡರ ಗುಣದೋಷಗಳನ್ನು ತಾವೇ ತೂಗಿ ನೋಡಬಲ್ಲರು.