ಎರಡನೇ ಗುಳಿಗೆ ನುಂಗುವ ಮುನ್ನ...

'ಸೊಂಟ ಹಿಡ್ಕೊಂಡೈತ್ರಿ, ಒಂದು ಗುಳಿಗಿ ಕೊಡ್ರಿ.' ಗದಗ-ಬೆಟಗೇರಿಯ ಔಷಧಿ ಅಂಗಡಿಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಕಿರಾಣಿ ಅಂಗಡಿಯಿರಲಿ, ದಿನಬೆಳಗಾದರೆ ಕೇಳುವ ಮಾತಿದು. ರೊಟ್ಟಿ ಬಡಿದು ರಟ್ಟೆ ನೋವು, ನೀರು ಹೊತ್ತು ಸೊಂಟ ನೋವು, ಅದರ ಮೇಲೆ ತಿಂಗಳ ಹೊಟ್ಟೆನೋವು. ಒಂದು ಗುಳಿಗೆಗೆ ಬಗ್ಗದಿದ್ದರೆ ಇನ್ನೊಂದು ಹೆಸರಿನದು! ಗುಳಿಗೆ ತಗೊಳ್ಳೋದೇ ತಪ್ಪಲ್ಲ. ಯಾವುದರ ಜೊತೆ ಯಾವುದು ಅಂತ ತಿಳಿಯದೆ ನುಂಗುವುದು ತಪ್ಪು.

ಹೆಸರು ಬೇರೆ, ಔಷಧಿ ಒಂದೇ

ಕ್ರೋಸಿನ್, ಕಾಲ್ಪಾಲ್, ಡೋಲೋ - ಹೆಸರು ಮೂರಾದರೂ ಒಳಗಿರುವುದು ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ 400 ಮಿ.ಗ್ರಾಂ ಜೊತೆ ಪ್ಯಾರಾಸಿಟಮಾಲ್ 325 ಮಿ.ಗ್ರಾಂ ಇರುತ್ತದೆ. ನೆಗಡಿ ಗುಳಿಗೆಗಳಲ್ಲೂ ಹೆಚ್ಚಾಗಿ ಅದೇ ಇರುತ್ತದೆ. ಈಗ ನೀವೇ ಲೆಕ್ಕ ಹಾಕಿ. ಜ್ವರಕ್ಕೆ 650ರ ಗುಳಿಗೆ ಮೂರು ಹೊತ್ತು, ಮೈಕೈ ನೋವಿಗೆ ಕಾಂಬಿಫ್ಲಾಮ್ ಮೂರು ಹೊತ್ತು, ನೆಗಡಿಗೆ 500ರದ್ದು ಮೂರು ಹೊತ್ತು. ಒಟ್ಟು 4,425 ಮಿ.ಗ್ರಾಂ! ಆರೋಗ್ಯವಂತ ದೊಡ್ಡವರಿಗೂ ದಿನದ ಮಿತಿ 4,000. ತೀರಾ ಸಣಕಲು ಇದ್ದವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಮಿತಿ ಮೀರಿದರೆ ಲಿವರ್‌ಗೆ ಪೆಟ್ಟು, ಅದೂ ಮೊದಲ ದಿನ ಗೊತ್ತೇ ಆಗದಿರಬಹುದು.

ಯಾವ ಜೋಡಿ ಸರಿ?

ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್, ನಿಮೆಸುಲೈಡ್, ಆಸ್ಪಿರಿನ್ ಎಲ್ಲ ಒಂದೇ ಬಳಗದವು. ಇವುಗಳಲ್ಲಿ ಎರಡನ್ನು ಸೇರಿಸಿದರೆ ನೋವೇನೂ ದುಪ್ಪಟ್ಟು ಇಳಿಯದು. ಹೊಟ್ಟೆಯ ಹುಣ್ಣು, ರಕ್ತಸ್ರಾವ, ಕಿಡ್ನಿ ತೊಂದರೆಯ ಭಯ ಮಾತ್ರ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಕೆಲಸ ಮಾಡುವ ರೀತಿ ಬೇರೆ. ಹಾಗಾಗಿ ಅದರ ಜೊತೆ ಐಬುಪ್ರೊಫೆನ್ ಅನ್ನು ಊಟದ ನಂತರ, ಎರಡು-ಮೂರು ದಿನದ ಮಟ್ಟಿಗೆ ತಗೊಂಡರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಬಿ.ಪಿ. ಗುಳಿಗೆ ಅಥವಾ ಹೃದಯಕ್ಕೆಂದು ಆಸ್ಪಿರಿನ್ ನುಂಗುವ ಅತ್ತೆ-ಮಾವನಿಗೆ, ಗರ್ಭಿಣಿಯರಿಗೆ, ಕಿಡ್ನಿ ರೋಗಿಗಳಿಗೆ ಈ ಬಳಗದ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಮಳೆಗಾಲದ ಜ್ವರ ಡೆಂಗೆ ಇರಬಹುದು. ಆಗಲೂ ಪ್ಯಾರಾಸಿಟಮಾಲ್ ಮಾತ್ರ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ಕೊಡುವುದನ್ನು ಸರ್ಕಾರ 2011ರಲ್ಲೇ ನಿಷೇಧಿಸಿದೆ.

ನೀರಿನ ಕಡೆಗೂ ನೋಡಿ

ನಮ್ಮ ಕಡೆ ಇನ್ನೊಂದು ಮಾತಿದೆ. ಮುಂಡರಗಿ ಸುತ್ತಮುತ್ತ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುವುದಷ್ಟೇ ಅಲ್ಲ, ಮಂಡಿ, ಬೆನ್ನು ಬಿಗಿಯುತ್ತವೆ. ಅಂಥ ನೋವಿಗೆ ದಿನಾ ಗುಳಿಗೆ ನುಂಗಿದರೆ ಕಿಡ್ನಿ ಸೋಲಬಹುದು. ಸೋತ ಕಿಡ್ನಿ ಫ್ಲೋರೈಡನ್ನು ಹೊರಹಾಕದು, ನೋವು ಮತ್ತೂ ಜಾಸ್ತಿ! ಇಂಥಲ್ಲಿ ಬೇಕಿರುವುದು ಗುಳಿಗೆಯಲ್ಲ, ನೀರಿನ ಪರೀಕ್ಷೆ ಮತ್ತು ಒಳ್ಳೆಯ ನೀರು. ಅದನ್ನು ಪಂಚಾಯಿತಿಯಲ್ಲಿ ಗಟ್ಟಿಯಾಗಿ ಕೇಳಬೇಕಾದವರು ಕೊಡ ಹೊರುವ ನಾವೇ ಅಲ್ಲವೇ?

ಪೊಟ್ಟಣ ಬೇಡ ಅನ್ನಿ

ಬಿಡಿ ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ 'ಮೂರು ಹೊತ್ತು ತಗೋರಿ' ಅಂದರೆ ದಯವಿಟ್ಟು ಬೇಡ ಅನ್ನಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೂ ನಮಗೆ ತಿಳಿಯದು. ಹೆಸರು, ಅವಧಿ ಮುಗಿಯುವ ದಿನಾಂಕ ಕಾಣುವಂತೆ ಪಟ್ಟಿಯನ್ನು ಕತ್ತರಿಸಿಕೊಡಲು ಹೇಳಿ. ಇಂಗ್ಲಿಷ್ ಓದಲು ಬಾರದಿದ್ದರೆ ಸಂಕೋಚ ಬೇಡ, 'ಇದ್ರೊಳಗ ಏನೈತ್ರಿ?' ಅಂತ ಕೇಳಿ, ಮಕ್ಕಳ ಕೈಲಿ ಕನ್ನಡದಲ್ಲಿ ಬರೆಸಿಟ್ಟುಕೊಳ್ಳಿ. ಸೀರೆ ಕೊಳ್ಳುವಾಗ ಸೆರಗು, ಅಂಚು ಎಲ್ಲಾ ಬಿಚ್ಚಿಸಿ ನೋಡುವ ನಾವು, ಹೊಟ್ಟೆಗೆ ಹೋಗುವ ಗುಳಿಗೆಯನ್ನು ಒಮ್ಮೆ ತಿರುಗಿಸಿ ನೋಡಬಾರದೇ?

ಮೂರು ದಿನಕ್ಕೂ ನೋವು ಇಳಿಯದಿದ್ದರೆ, ಮಲ ಕಪ್ಪಗಾದರೆ, ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ ಮತ್ತೊಂದು ಗುಳಿಗೆ ಹುಡುಕಬೇಡಿ. ಕೆಲಸ ಬದಿಗಿಟ್ಟು ಆಸ್ಪತ್ರೆಗೆ ಹೊರಡಿ.